ಬಿದ್ದರೆ ಅವಳು, ಗೆದ್ದರೆ ನಾನು

ಮೀಸೆ ಟೈಲರ್ ಬಲಗೈ ಮಣಿಕಟ್ಟು ಮುರಿದುಕೊಂಡದ್ದು ಯಾವ ಸಾಹಸ ಮಾಡುವಾಗಲೂ ಅಲ್ಲ. ಅಂಗಡಿಯ ಮೇಲಿನ ಹಲಗೆಯಿಂದ ಕೋಟಿನ ಬಟ್ಟೆ ಇಳಿಸಲು ಸ್ಟೂಲು ಹತ್ತಿದ್ದ, ಗಿರಾಕಿ ಏನೋ ಕೇಳಿದನೆಂದು ಹಿಂದೆ ತಿರುಗಿದ, ಬಟ್ಟೆಯ ಜೊತೆ ತಾನೂ ಇಳಿದ. ಬಿದ್ದವನು ಮೊದಲು ಮುಟ್ಟಿ ನೋಡಿಕೊಂಡದ್ದು ಮೀಸೆಯನ್ನು. ಎರಡು ತುದಿಯೂ ಸೂಜಿಯ ಹಾಗೆ ನೆಟ್ಟಗಿದ್ದವು. ಆಮೇಲೆ ಕೈ ನೋಡಿಕೊಂಡ. ಅದು ಇರಬೇಕಾದ ಕಡೆ ಇರಲಿಲ್ಲ.

ಆರು ವಾರ ಪ್ಲಾಸ್ಟರು. ಅದನ್ನು ಬಿಚ್ಚಿದಾಗ ಕೈಯೇನೋ ಇತ್ತು, ಬೆರಳುಗಳು ಮಾತ್ರ ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಬಿಗಿದುಕೊಂಡಿದ್ದವು. ಸೂಜಿ ಹಿಡಿಯುವುದಿರಲಿ, ಗುಂಡಿ ಹಾಕಿಕೊಳ್ಳುವುದಕ್ಕೂ ಹೆಂಡತಿಯನ್ನು ಕರೆಯಬೇಕು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಹಿಸುಕುವುದಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟಳು. ಎರಡು ದಿನ ಹಿಸುಕಿದ. ಮೂರನೆಯ ದಿನ ಚೆಂಡು ಹೊಲಿಗೆ ಯಂತ್ರದ ಕೆಳಗೆ ಉರುಳಿಹೋಯಿತು, ಅದನ್ನು ಹುಡುಕುವ ಉತ್ಸಾಹ ಯಾರಿಗೂ ಇರಲಿಲ್ಲ. ಮುಂದಿನ ವಾರ ಡಾಕ್ಟರಮ್ಮ ಬೆರಳು ಮಡಿಸಿ ನೋಡಿ ಮುಖ ಗಂಟಿಕ್ಕಿದಳು. ಮನೆಯಲ್ಲಿ ಯಾರಾದರೂ ವಿಡಿಯೋ ಗೇಮ್ ಆಡ್ತಾರಾ ಎಂದು ಕೇಳಿದಳು. ಮಗಳು ಆಡ್ತಾಳೆ ಎಂದ. ಹಾಗಾದರೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀವೂ ಆಡಿ ಎಂದು ಚೀಟಿಯಲ್ಲಿ ಬರೆದೇಬಿಟ್ಟಳು. ಟೈಲರ್ ಚೀಟಿಯನ್ನು ಎರಡು ಸಲ ಓದಿದ. ಐವತ್ತಾರು ವರ್ಷದ ಬಾಳಿನಲ್ಲಿ ಔಷಧಿ ಅಂಗಡಿಯಲ್ಲಿ ಸಿಗದ ಔಷಧಿಯನ್ನು ಅವನಿಗೆ ಬರೆದುಕೊಟ್ಟವರು ಇವಳೊಬ್ಬಳೇ.

ಅವನ ಅಂಗಡಿಯ ಬೋರ್ಡಿನ ಮೇಲೆ 'ಗಂಡಸರ ಉಡುಪು ಮಾತ್ರ' ಎಂದು ಬರೆದಿತ್ತು. 'ಮಾತ್ರ' ಅನ್ನುವುದು ಉಳಿದೆರಡು ಪದಗಳಿಗಿಂತ ದೊಡ್ಡದಾಗಿತ್ತು. ಗಂಡಸಿನ ಅಳತೆ ಟೇಪಿನಲ್ಲಿ ಮುಗಿಯುತ್ತದೆ, ಹೆಂಗಸಿನ ಅಳತೆ ಮಾತಿನಲ್ಲೂ ಮುಗಿಯುವುದಿಲ್ಲ ಎಂದು ಅವನಿಗೆ ಕೆಲಸ ಕಲಿಸಿದ ಉಸ್ತಾದ ಹೇಳಿದ್ದನಂತೆ. ಮೂವತ್ತು ವರ್ಷದಿಂದ ಒಂದು ಹೆಣ್ಣುಡುಪೂ ಅವನ ಸೂಜಿಯ ಕೆಳಗೆ ಬಂದಿರಲಿಲ್ಲ. ಹೆಂಡತಿಯ ರವಿಕೆಗಳು ಬೇರೆ ಬೀದಿಗೆ ಹೋಗುತ್ತಿದ್ದವು.

ಮಗಳದು ಲಿಫ್ಟ್ ರಿಪೇರಿ ಕೆಲಸ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟಿನ ಗುಂಡಿಯೊಳಗೆ ಇಳಿದು ಗ್ರೀಸು ಮೆತ್ತಿಕೊಂಡು ಬರುತ್ತಾಳೆ, ಸ್ನಾನ ಮಾಡಿ ಟಿವಿ ಮುಂದೆ ಕೂತು ಆಟ ಆಡುತ್ತಾಳೆ. ಡಾಕ್ಟರಮ್ಮನ ಚೀಟಿ ನೋಡಿ ಅವಳಿಗೆ ಖುಷಿಯಾಯಿತು. ಅಪ್ಪನನ್ನು ಸೋಫಾದ ಮಧ್ಯದಲ್ಲಿ ಕೂರಿಸಿ, ಬಟನ್ನುಗಳಿದ್ದ ಕಂಟ್ರೋಲರನ್ನು ಕೈಗೆ ಕೊಟ್ಟಳು. ಟೈಲರ್ ಕೊನೆಯವರೆಗೂ ಅದನ್ನು ರಿಮೋಟು ಎಂದೇ ಕರೆದ.

ಪರದೆಯ ಮೇಲೆ ಬೆಟ್ಟ, ಕಣಿವೆ, ಮಂಜು. ಮಧ್ಯದಲ್ಲಿ ಬಿಗಿಯಾಗಿ ಜಡೆ ಹಾಕಿಕೊಂಡ ಒಬ್ಬ ಹೆಂಗಸು ಬೆನ್ನಿಗೆ ಈಟಿ ಕಟ್ಟಿಕೊಂಡು ನಿಂತಿದ್ದಳು. ಟೈಲರ್ ಸ್ವಲ್ಪ ಹೊತ್ತು ಕಾದ. ಅವಳು ಅಲ್ಲೇ ನಿಂತಿದ್ದಳು.

"ಹೀರೋ ಯಾವಾಗ ಬರ್ತಾನೆ?" ಎಂದ.

"ಇವಳೇ ಅಪ್ಪ."

"ಇವಳು ಹೀರೋಗೆ ಏನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ. ಇವಳೇ ಹೀರೋ. ನೀವು ಈಗ ಇವಳು."

ಟೈಲರ್ ರಿಮೋಟನ್ನು ಬಿಸಿ ಇಸ್ತ್ರಿಪೆಟ್ಟಿಗೆಯ ಹಾಗೆ ಮೆಲ್ಲಗೆ ಕೆಳಗಿಟ್ಟ. ಗಂಡು ಇಲ್ಲವೇ ಎಂದು ಕೇಳಿದ. ಇದ್ದಾನೆ, ಆಟದ ಶುರುವಿನಲ್ಲೇ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು. ತಾನು ಇವಳನ್ನು ಆರಿಸಿ ಮೊದಲ ಕಣಿವೆ ದಾಟಿಸಿಟ್ಟಿದ್ದೇನೆ, ಮತ್ತೆ ಮೊದಲಿಂದ ಶುರು ಮಾಡಿದರೆ ಅದೇ ಹುಲ್ಲುಗಾವಲಿನಲ್ಲಿ ಅದೇ ಮೊಲ ಹಿಡಿಯುತ್ತಾ ಕೂರಬೇಕು ಎಂದಳು ಮಗಳು. ಔಷಧಿ ಅಂದಮೇಲೆ ಕಹಿ ಇರುವುದೇ ಎಂದುಕೊಂಡು ಟೈಲರ್ ರಿಮೋಟು ತೆಗೆದುಕೊಂಡ.

ಮೊದಲ ದಿನ ಈಟಿಯವಳು ಒಂದು ಮರಕ್ಕೆ ಹಣೆ ತಾಗಿಸಿಕೊಂಡು ಹತ್ತು ನಿಮಿಷ ನಡೆದಳು. ಎರಡನೆಯ ದಿನ ಹೊಳೆಗೆ ಬಿದ್ದಳು. ಮೂರನೆಯ ದಿನ ಹೊಳೆಗೆ ಬೀಳುವುದರಲ್ಲಿ ಒಂದು ಹದ ಬಂತು. ಪ್ರತಿ ಸಲವೂ ಟೈಲರ್ ತಲೆ ಅಲ್ಲಾಡಿಸಿ, "ಬಿದ್ಲು ನೋಡು. ಮುಂದೆ ನೋಡ್ಕೊಂಡು ನಡಿಯೋದೇ ಇಲ್ಲ ಇವಳು" ಅನ್ನುತ್ತಿದ್ದ. ನಾಲ್ಕನೆಯ ದಿನ ಸಂಜೆ, ಹೇಗೋ ಏನೋ, ಎರಡು ಬಟನ್ನು ಒಟ್ಟಿಗೆ ಒತ್ತಿಹೋದವು. ಈಟಿಯವಳು ಬಂಡೆಯಿಂದ ಬಂಡೆಗೆ ಹಾರಿ ಆಚೆ ದಡದಲ್ಲಿ ನಿಂತಳು. ಟೈಲರ್ ಸೋಫಾದಿಂದ ಎದ್ದುಬಿಟ್ಟ.

"ಹಾರ್ದೆ," ಎಂದ. "ನಾನು ಹಾರ್ದೆ ಕಣೇ, ನೋಡ್ದೆಯಾ?"

ಹೆಂಡತಿ ಊಟದ ಮೇಜಿನ ಹತ್ತಿರ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಇಪ್ಪತ್ತೆಂಟು ವರ್ಷದಿಂದ ಮಕ್ಕಳ ತಪ್ಪು ಹುಡುಕಿದ ಕಣ್ಣು, ಮನೆಗೆ ಬಂದರೆ ಸುಮ್ಮನಿರುತ್ತದೆಯೇ? ತಲೆ ಎತ್ತದೆಯೇ ನೋಡಿದೆ ಎಂದಳು. ಒಂದು ಹಳೆಯ ಹಾಳೆಯ ಹಿಂದೆ ಗೀಟೆಳೆದು ಎರಡು ಅಂಕಣ ಮಾಡಿದಳು. ಭಾನುವಾರ ಆ ಹಾಳೆಯನ್ನು ಗಂಡನ ಮುಂದಿಟ್ಟಳು. 'ಅವಳು ಬಿದ್ದದ್ದು' ಎಂಬಲ್ಲಿ ನಲವತ್ತೇಳು ಗೀಟು. 'ನಾನು ಗೆದ್ದದ್ದು' ಎಂಬಲ್ಲಿ ಒಂಬತ್ತು. ಅದರ ಕೆಳಗೆ 'ನಾನು ಬಿದ್ದದ್ದು' ಎಂದು ಬರೆದು ಒಂದು ದುಂಡನೆಯ ಸೊನ್ನೆ ಹಾಕಿದ್ದಳು, ಮೇಷ್ಟ್ರ ಸೊನ್ನೆ.

ರಿಮೋಟಿನ ಬಟನ್ನು ಸರಿಯಿಲ್ಲ, ಜಾರುತ್ತೆ ಎಂದು ಟೈಲರ್ ವಾದಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದಳು ಹೆಂಡತಿ. ಹಾಗಂದವಳು ಪೆನ್ನು ಬಾಯಿಗಿಟ್ಟುಕೊಂಡು ಸ್ವಲ್ಪ ಯೋಚಿಸಿದಳು.

"ನೋಡಿದ್ರಾ, ಗಾದೆಯಲ್ಲೂ ಕುಣಿಯೋಕೆ ಬರದೋಳು ಹೆಂಗಸೇ. ಗಂಡಸು ಬಿದ್ರೆ ಮಾತ್ರ ಜಟ್ಟಿ, ಅವನ ಮೀಸೆ ಮಣ್ಣಾಗಲ್ಲ. ಜಾರಿ ಬಿದ್ರೆ ಅದೂ ಒಂದು ಪಟ್ಟು. ನಿಮ್ಮದೇನೂ ತಪ್ಪಿಲ್ಲ ಬಿಡಿ, ಭಾಷೇನೇ ಹಾಗೆ ಕಲಿಸಿದೆ."

ಟೈಲರ್ ಮೀಸೆ ತಿರುವಲು ಹೋದ. ಬೆರಳು ಇನ್ನೂ ಅಷ್ಟು ಮಡಚುತ್ತಿರಲಿಲ್ಲ.

ಎರಡನೆಯ ವಾರದಲ್ಲಿ ಅವನ ಕಣ್ಣಿಗೆ ಬೇರೊಂದು ಬಿತ್ತು. ಈಟಿಯವಳು ಬಂಡೆ ಹತ್ತಲು ಕೈ ಎತ್ತಿದಾಗಲೆಲ್ಲ ಅವಳ ಅಂಗಿ ಸೊಂಟ ಬಿಟ್ಟು ಮೇಲೇರುತ್ತಿತ್ತು, ಕೆಳಗೆ ಇಳಿದಾಗ ತಾನಾಗಿ ಸರಿಹೋಗುತ್ತಿತ್ತು. ಮೊದಲು ಅವನು ಇದನ್ನು ಹೊಲಿಗೆಯವನಾಗಿ ನೋಡಿ ಬೈದ. ಕಂಕುಳಿನ ಹತ್ತಿರ ಬಟ್ಟೆ ಬಿಟ್ಟಿಲ್ಲ, ಕೈ ಎತ್ತಿದರೆ ಹೊಲಿಗೆ ಎಳೆಯದೆ ಇನ್ನೇನು ಮಾಡುತ್ತೆ, ಯಾವ ದಡ್ಡ ಕತ್ತರಿಸಿದ್ದು ಇದನ್ನ ಎಂದು. ಜೇಬೂ ಇರಲಿಲ್ಲ. ದಾರಿಯಲ್ಲಿ ಸಿಕ್ಕ ಗಿಡಮೂಲಿಕೆ, ಬೀಗದಕೈ, ಹಗ್ಗ, ಮೂರು ಕತ್ತಿ, ಇವೆಲ್ಲ ಎಲ್ಲಿಗೆ ಹೋಗುತ್ತಿದ್ದವೋ ದೇವರಿಗೇ ಗೊತ್ತು. ಆಮೇಲಾಮೇಲೆ ಬೈಗುಳದ ಧಾಟಿ ಬದಲಾಯಿತು. ಹಿಮದ ಬೆಟ್ಟಕ್ಕೆ ಬಂದಾಗ ಅವನಿಗೆ ಸೊಂಟದ ಹತ್ತಿರ ಚಳಿಯಾಗುತ್ತಿದೆ ಅನ್ನಿಸಿತು. ಎದ್ದುಹೋಗಿ ಶಾಲು ಹೊದ್ದುಕೊಂಡು ಬಂದ. "ಇಂಥ ಬಟ್ಟೆ ಕೊಟ್ಟು ಹಿಮಕ್ಕೆ ಕಳಿಸಿದ್ದಾರಲ್ಲ ನನ್ನನ್ನ" ಎಂದು ಗೊಣಗಿದ. ಹೆಂಡತಿಯ ಪೆನ್ನು ನಿಂತಿತು. ಅದೇ ಹೊತ್ತಿಗೆ ಈಟಿಯವಳು ಮಂಜುಗಡ್ಡೆಯ ಮೇಲೆ ಜಾರಿದಳು. "ಬಿದ್ದೆ," ಎಂದ ಟೈಲರ್, ಮೊಣಕಾಲು ಉಜ್ಜಿಕೊಳ್ಳುತ್ತಾ. ಹೆಂಡತಿ ಸೊನ್ನೆಯನ್ನು ಹೊಡೆದುಹಾಕಿ ಒಂದು ಗೀಟು ಎಳೆದಳು.

ಆ ವಾರವೇ ಅವನು ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಕೈ ಮೇಲೆತ್ತು ಎಂದ. ಮಗಳು ಎತ್ತಿದಳು. ಅವಳು ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದದ್ದು ಕಂಪನಿ ಕೊಟ್ಟ ಗಂಡಸರ ಅಳತೆಯ ನೀಲಿ ಅಂಗಿ. ಭುಜದಲ್ಲಿ ಜೋಲಿ, ಸೊಂಟದಲ್ಲಿ ಬಿಗಿ. ಕೈ ಎತ್ತಿದರೆ ಕೆಳಗಿನ ಎರಡು ಗುಂಡಿ ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಎಷ್ಟು ವರ್ಷದಿಂದ ಹೀಗಿದೆ ಎಂದು ಕೇಳಿದ. ಕೆಲಸಕ್ಕೆ ಸೇರಿದಾಗಿನಿಂದ, ಆರು ವರ್ಷ ಎಂದಳು. ಮನೆಯಲ್ಲೇ ಒಬ್ಬ ಟೈಲರ್ ಇದ್ದೂ ಆರು ವರ್ಷ. ಅವನಿಗೆ ನಾಚಿಕೆಯಾಯಿತು. ಮೊದಲ ಸಲ ಒಂದು ಹೆಣ್ಣಿನ ಅಳತೆ ತೆಗೆದ. ಟೇಪಿನಲ್ಲೇ ಮುಗಿಯಿತು. ಬೆರಳು ಪೂರ್ತಿ ಮಡಚದೆಯೂ ನಾಲ್ಕು ದಿನ ಕೂತು, ಕಂಕುಳಲ್ಲಿ ಒಂದೊಂದು ಚೌಕದ ತುಂಡು ಕೂಡಿಸಿ, ಆರು ಜೇಬಿಟ್ಟು ಹೊಸ ಅಂಗಿ ಹೊಲಿದ. ಹೊಲಿಗೆ ಸ್ವಲ್ಪ ಸೊಟ್ಟಗಿತ್ತು. ಮಗಳು ಹಾಕಿಕೊಂಡು ಎರಡು ಕೈಯೂ ಮೇಲೆತ್ತಿ, ಬಾಗಿಲ ಚೌಕಟ್ಟು ಹಿಡಿದು ಜೋತಾಡಿ ತೋರಿಸಿದಳು.

ಇಷ್ಟಾದರೂ ಸಂಗತಿ ಮನೆಯ ನಾಲ್ಕು ಗೋಡೆಯ ಒಳಗೇ ಇತ್ತು. ಹೊರಗಿನ ಸಂಗತಿ ಬೇರೆ.

ಟೈಲರ್ ಅಂಗಡಿಯ ಪಕ್ಕದಲ್ಲೇ ಕ್ಷೌರದಂಗಡಿ. ಕ್ಷೌರಿಕನೂ ಟೈಲರನೂ ಇಪ್ಪತ್ತು ವರ್ಷದ ಗೆಳೆಯರು. ಮೀಸೆಯನ್ನು ಬೆಳೆಸಿದವನು ಟೈಲರ್ ಆದರೂ ಅದನ್ನು ತಿದ್ದಿ ತೀಡಿ ಮನುಷ್ಯನನ್ನಾಗಿ ಮಾಡಿದವನು ತಾನು ಎಂದು ಕ್ಷೌರಿಕ ಹೇಳಿಕೊಳ್ಳುತ್ತಿದ್ದ. ಕೈ ಸರಿಯಿಲ್ಲದ್ದರಿಂದ ಟೈಲರ್ ಮಧ್ಯಾಹ್ನಗಳನ್ನು ಅಲ್ಲೇ ಬೆಂಚಿನ ಮೇಲೆ ಕಳೆಯತೊಡಗಿದ್ದ. ಏನು ಸಮಾಚಾರ ಎಂದು ಕೇಳಿದವರಿಗೆ ಹೇಳಲು ಅವನ ಹತ್ತಿರ ಇದ್ದದ್ದು ಒಂದೇ ಸಮಾಚಾರ. ಹೇಳಿದ. ಮಂಜಿನ ಕಣಿವೆ ಹೇಗೆ ದಾಟಿದೆ, ತೋಳದ ಹಿಂಡನ್ನು ಹೇಗೆ ಬೆದರಿಸಿದೆ, ಕೋಟೆಯ ಗೋಡೆಯನ್ನು ಉಗುರಿನಲ್ಲಿ ಹಿಡಿದುಕೊಂಡು ಹೇಗೆ ಹತ್ತಿದೆ. ಕತ್ತರಿ ಹೊಲಿಗೆಯ ಕೆಲಸದಲ್ಲಿ ಬಾಯಿಗೆ ದಾರ ಕಚ್ಚಿಕೊಂಡೇ ಇದ್ದ ಮನುಷ್ಯ ಇಷ್ಟು ಚೆನ್ನಾಗಿ ಕತೆ ಹೇಳುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ವಾರದೊಳಗೆ ಮಧ್ಯಾಹ್ನದ ಬೆಂಚು ಭರ್ತಿಯಾಯಿತು. ಬೀದಿಯ ಅಂಚೆಯಣ್ಣ ಚೀಲ ಪಕ್ಕಕ್ಕಿಟ್ಟು ಕೂರುತ್ತಿದ್ದ. ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರದ ಸಮೇತ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

ಟೈಲರ್ ಸುಳ್ಳು ಹೇಳಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಹೋದೆ, ಹಾರಿದೆ, ಹೊಡೆದೆ, ಬಂದೆ. ನಮ್ಮ ಭಾಷೆಯಲ್ಲಿ 'ನಾನು' ಅಂದುಬಿಟ್ಟರೆ ಕ್ರಿಯಾಪದಕ್ಕೆ ಮೀಸೆಯೂ ಇಲ್ಲ, ಜಡೆಯೂ ಇಲ್ಲ. ಕೇಳುವವರು ತಮಗೆ ಬೇಕಾದ ರೂಪ ಕಲ್ಪಿಸಿಕೊಂಡರು. ಕ್ಷೌರಿಕನ ಕಲ್ಪನೆಯಲ್ಲಂತೂ ಕೋಟೆ ಹತ್ತಿದವನಿಗೆ ಟೈಲರನಷ್ಟೇ ದಪ್ಪ ಮೀಸೆ, ಅದೂ ತಾನೇ ಕತ್ತರಿಸಿದ್ದು.

ಕತೆ ತೂಗುಸೇತುವೆಯ ಹತ್ತಿರ ಬಂದು ನಿಂತಿತು. ಪ್ರಪಾತದ ಮೇಲೆ ಹಗ್ಗದ ಸೇತುವೆ, ಅದರ ನಡುವೆ ಒಂಟಿಕಣ್ಣಿನ ಒಂದು ಗೂಳಿ. ಹೆಜ್ಜೆ ಇಟ್ಟರೆ ನುಗ್ಗಿ ಬರುತ್ತದೆ, ಕೆಳಗೆ ತಳ್ಳುತ್ತದೆ. ಸೇತುವೆಯ ಈಚೆ ತುದಿಯಲ್ಲಿ ಒಬ್ಬ ಮುದುಕ ಕಾವಲುಗಾರ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿರುತ್ತಾನೆ. ಬಿದ್ದವಳು ಮತ್ತೆ ಎದ್ದು ಬಂದಾಗಲೆಲ್ಲ ಮುದುಕ ಅದೇ ಒಂದು ಮಾತು ಹೇಳುತ್ತಾನೆ. ಆಟದ ಭಾಷೆ ಟೈಲರ್‌ಗೆ ಬಾರದು. ಏನಂತಾನೆ ಎಂದು ಕೇಳಿದಾಗ ಮಗಳು ತಿಳಿಸಿ ಹೇಳಿದ್ದಳು. ಐದು ದಿನದಲ್ಲಿ ಟೈಲರ್ ನಲವತ್ತು ಸಲ ಬಿದ್ದ. ನಲವತ್ತು ಸಲವೂ ಮುದುಕ ಬೈಯದೆ, ಬೇಸರಪಡದೆ, ಅದೇ ದನಿಯಲ್ಲಿ ಅದೇ ಮಾತು ಹೇಳಿದ. ಒಂದು ಗುಂಡಿ ಸೊಟ್ಟಗೆ ಹಾಕಿದರೆ ಅಡಿಕೋಲಿನಿಂದ ಬಡಿಯುತ್ತಿದ್ದ ಉಸ್ತಾದನ ಕೈಯಲ್ಲಿ ಬೆಳೆದವನಿಗೆ ಇದು ಹೊಸದು.

ಮಧ್ಯಾಹ್ನ ಬೆಂಚಿನ ಮೇಲೆ ಇದನ್ನೇ ಹೇಳುತ್ತಿದ್ದ. ಕ್ಷೌರಿಕನ ಕತ್ತಿ ಗಿರಾಕಿಯ ಗಲ್ಲದ ಮೇಲೆ ನಿಧಾನವಾಗಿ ಆಡುತ್ತಿತ್ತು. ಟೈಲರ್‌ಗೆ ಕತೆಯ ಗುಂಗು.

"ಮತ್ತೆ ಎದ್ದು ಬಂದೆ. ಮೈಯೆಲ್ಲ ಒದ್ದೆ. ಮುದುಕ ಬೆಂಕಿ ಹತ್ರ ಜಾಗ ಬಿಟ್ಟ. ನನ್ನ ತಲೆ ಮೇಲೆ ಕೈಯಿಟ್ಟು, 'ಹುಷಾರಾಗಿ ಹೋಗಿ ಬಾ ಮಗಳೇ' ಅಂದ."

ಕತ್ತಿ ನಿಂತಿತು. ಗಡಿಯಾರದವನು ಕಣ್ಣಿನ ಮಸೂರ ತೆಗೆದು ಒರೆಸಿ, ಟೈಲರನನ್ನು ಮತ್ತೊಮ್ಮೆ ನೋಡಿದ.

"ಯಾರಿಗಂದ?" ಎಂದ ಕ್ಷೌರಿಕ.

ಟೈಲರ್ ಮೀಸೆ ಮುಟ್ಟಿಕೊಂಡ. ಕೊನೆಗೆ, "ನನಗೇ" ಎಂದ.

ಆಮೇಲೆ ಎದ್ದ ನಗು ಬೀದಿಯ ಆಚೆ ಬದಿಗೆ ಕೇಳಿಸಿತು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಕತ್ತಿಯ ಕೆಳಗಿದ್ದ ಗಿರಾಕಿ ನಗಲೂ ಆಗದೆ ಸುಮ್ಮನಿರಲೂ ಆಗದೆ ಕುರ್ಚಿಯ ಕೈ ಹಿಡಿದುಕೊಂಡ. ಟೈಲರ್ ವಿವರಿಸಲು ನೋಡಿದ: ಡಾಕ್ಟರಮ್ಮ ಬರೆದುಕೊಟ್ಟದ್ದು, ಮಗಳು ಆಗಲೇ ಆರಿಸಿಬಿಟ್ಟಿದ್ದಳು, ಮೊಲ ಹಿಡಿಯಬೇಕಾಗುತ್ತಿತ್ತು. ಒಂದೊಂದು ವಿವರಣೆಗೂ ನಗು ಜಾಸ್ತಿಯಾಯಿತು. ಮರುದಿನದಿಂದ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ, "ಚಹಾ ಕುಡೀತೀಯಾ ಮಗಳೇ?" ಎಂದು ಪಕ್ಕದಂಗಡಿಯಿಂದ ದನಿ ಬರತೊಡಗಿತು. ಮೂರು ದಿನ ಸಹಿಸಿದ. ನಾಲ್ಕನೆಯ ದಿನದಿಂದ ಬೆಂಚಿಗೆ ಹೋಗುವುದನ್ನೇ ಬಿಟ್ಟ. ಆ ಶನಿವಾರ ಮೀಸೆಯನ್ನೂ ಮನೆಯಲ್ಲೇ ಎಡಗೈಯಿಂದ ಕತ್ತರಿಸಿಕೊಂಡ. ಒಂದು ತುದಿ ಹತ್ತು ಗಂಟೆ ತೋರಿಸಿದರೆ ಇನ್ನೊಂದು ನಾಲ್ಕು ಗಂಟೆ ತೋರಿಸಿತು.

ಆ ಸಂಜೆಯೇ ಮಗಳಿಗೆ ಆಜ್ಞೆ ಮಾಡಿದ: ಗಂಡು ಹೀರೋನ ಹಾಕು. ಮೊಲ ಹಿಡಿಯಬೇಕಾಗುತ್ತೆ ಎಂದಳು. ಹಿಡೀತೀನಿ ಎಂದ. ಹೊಸ ಹೀರೋ ಬಂದ. ಎತ್ತರದ ಆಳು, ಹುರಿಮೀಸೆ, ಮೊಣಕಾಲಿನ ತನಕ ಬೂಟು. ಅವನ ಅಂಗಿಗೆ ಕಂಕುಳಲ್ಲಿ ಬೇಕಾದಷ್ಟು ಬಟ್ಟೆ ಬಿಟ್ಟಿದ್ದರು, ಜೇಬು ನಾಲ್ಕು. ಟೈಲರ್ ಅವನನ್ನು ಮೆಚ್ಚಿ ನೋಡಿದ. ಬೆರಳು ಈಗ ಚೆನ್ನಾಗಿ ಆಡುತ್ತಿದ್ದವು. ಹುಲ್ಲುಗಾವಲು, ಮಂಜು, ತೋಳ, ಕೋಟೆ ಎಲ್ಲವನ್ನೂ ನಾಲ್ಕೇ ದಿನದಲ್ಲಿ ಮುಗಿಸಿದ. ಆದರೆ ಏನೋ ಸರಿಬರಲಿಲ್ಲ. ಇವನು ನಡೆಯುವಾಗ ಭುಜ ಕುಣಿಸುತ್ತಾನೆ, ಸುಮ್ಮನೆ ನಿಲ್ಲು ಅಂದರೆ ಕತ್ತಿ ತಿರುಗಿಸುತ್ತಾನೆ. "ಬಿದ್ದ ನೋಡು" ಎಂದ ಟೈಲರ್ ಒಂದು ಸಲ. ಇನ್ನೊಂದು ಸಲ, "ಹಾರಿದ" ಎಂದ. ಹೆಂಡತಿ ತಲೆ ಎತ್ತಿ ನೋಡಿದಳು. ಬಿದ್ದರೂ ಅವನೇ, ಗೆದ್ದರೂ ಅವನೇ. ಯಾರೋ ದೂರದ ನೆಂಟ ಬಂದು ಮನೆಯಲ್ಲಿ ಓಡಾಡಿದ ಹಾಗೆ.

ಸೇತುವೆಯ ಹತ್ತಿರ ಬಂದಾಗ ಬೆಂಕಿ ಇತ್ತು, ಮುದುಕ ಇದ್ದ. ಟೈಲರ್ ಸೋಫಾದ ತುದಿಗೆ ಜರುಗಿ ಕೂತ. ಮುದುಕ ತಲೆ ಎತ್ತಿ ಏನೋ ಹೇಳಿದ. ಮೊದಲಿನ ಮಾತಿಗಿಂತ ಇದು ಗಿಡ್ಡವಾಗಿತ್ತು. ಏನಂದ ಎಂದು ಮಗಳನ್ನು ಕೇಳಿದ.

"'ಹೋಗು ವೀರ, ಹೆಸರು ಉಳಿಸು' ಅಂದ."

"ಆಮೇಲೆ?"

"ಅಷ್ಟೇ."

ಅಷ್ಟೇ ಹೇಗಾಗುತ್ತೆ, ಸರಿಯಾಗಿ ಕೇಳು ಎಂದು ಟೈಲರ್ ಪಟ್ಟು ಹಿಡಿದ. ಹೀರೋನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಮತ್ತೆ ಮುದುಕನ ಎದುರು ನಿಲ್ಲಿಸಿದ. ಮತ್ತೆ ಅದೇ ಮಾತು. ಗೂಳಿಯ ಕೈಲಿ ತಳ್ಳಿಸಿಕೊಂಡು ಬಿದ್ದು ಎದ್ದು ಬಂದ. ಮತ್ತೆ ಅದೇ. ತಲೆಯ ಮೇಲೆ ಕೈಯಿಲ್ಲ, ಬೆಂಕಿಯ ಹತ್ತಿರ ಜಾಗವಿಲ್ಲ.

"ಹೋಗು ಅಂತಾನೆ," ಎಂದ ಟೈಲರ್, ರಿಮೋಟು ಮಡಿಲಲ್ಲಿಟ್ಟುಕೊಂಡು. "ಹೋಗಿ ಬಾ ಅನ್ನೋದಿಲ್ಲ. ಮನೆ ಬಿಟ್ಟು ಹೋಗೋರಿಗೆ ಬರೀ ಹೋಗು ಅಂತ ಯಾರಾದ್ರೂ ಹೇಳ್ತಾರೇನಮ್ಮ? ಇವನಿಗೂ ಚಳಿ ಆಗಲ್ವಾ?"

ಮಗಳು ಅಪ್ಪನ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಳು.

ಮಾರನೆಯ ದಿನ ಮಧ್ಯಾಹ್ನ ಬೆಂಚೂ ಇಲ್ಲ, ಕೆಲಸವೂ ಅಷ್ಟಕ್ಕಷ್ಟೇ ಎಂದು ಟೈಲರ್ ಬೇಗ ಮನೆಗೆ ಬಂದ. ಶಾಲೆಗೆ ರಜೆ ಇತ್ತು. ಬಾಗಿಲು ತೆರೆದರೆ ಒಳಗಿಂದ ಕಲ್ಲು ಪುಡಿಯಾಗುವ ಸದ್ದು. ಹೆಂಡತಿ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು, ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಪರದೆಯ ಮೇಲೆ ಒಬ್ಬ ದೈತ್ಯ ಸುತ್ತಿಗೆ ಹಿಡಿದು ಕೋಟೆಯ ಬಾಗಿಲು ಒಡೆಯುತ್ತಿದ್ದ. ಅವನ ಗಡ್ಡ ಎದೆ ದಾಟಿ ಹೊಕ್ಕುಳಿನ ತನಕ ಬಂದಿತ್ತು. ಅದೇ ಆಟ; ಹೀರೋನ ಮೈಕಟ್ಟು, ಗಡ್ಡ, ಆಯುಧ ಎಲ್ಲ ಬೇಕಾದ ಹಾಗೆ ಬದಲಾಯಿಸಬಹುದೆಂದು ಟೈಲರ್‌ಗೆ ಆವತ್ತೇ ಗೊತ್ತಾದದ್ದು.

"ಯಾರಿದು?" ಎಂದ.

"ನಾನು," ಎಂದಳು ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ. "ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಕಾಣ್ತಿಲ್ಲ."

ಟೈಲರ್ ಪಕ್ಕಕ್ಕೆ ಸರಿದು ಕೂತ. ಬಾಗಿಲು ಬಿತ್ತು, ಒಳಗಿನ ಏಳು ಜನ ಕಾವಲುಗಾರರೂ ಬಿದ್ದರು. ಹತ್ತು ದಿನದಿಂದ ಶಾಲೆಯಿಂದ ಬಂದಮೇಲೆ, ಅವನು ಅಂಗಡಿಯಿಂದ ಬರುವುದರೊಳಗೆ ಆಡುತ್ತಿದ್ದೇನೆ ಎಂದು ಅವಳೇ ಹೇಳಿದಳು. ಹೆಂಡತಿ ಸೇತುವೆಯ ಹತ್ತಿರ ಬಂದುಬಿಟ್ಟಿದ್ದಾಳೆ ಅನ್ನುವುದಕ್ಕಿಂತ, ಬಂದ ರೀತಿ ಕಂಡು ಅವನಿಗೆ ಆಶ್ಚರ್ಯವಾಯಿತು. ತನಗೆ ಒಂದು ವಾರ ಹಿಡಿದಿತ್ತು 'ಅವಳು' ಬಿಟ್ಟು 'ನಾನು' ಅನ್ನುವುದಕ್ಕೆ. ಇವಳು ಹೊಕ್ಕುಳು ಮುಟ್ಟುವ ಗಡ್ಡ ಇಟ್ಟುಕೊಂಡು ಒಂದೇ ಏಟಿಗೆ ನಾನು ಅನ್ನುತ್ತಾಳೆ. ನಿನಗೆ ಒಂಥರಾ ಅನ್ನಿಸಲಿಲ್ಲವಾ ಎಂದು ಕೇಳಿದ.

ಹೆಂಡತಿ ಆಟ ನಿಲ್ಲಿಸಿ ಅವನ ಕಡೆ ತಿರುಗಿದಳು.

"ಯಾಕನ್ನಿಸ್ಬೇಕು? ಚಿಕ್ಕವಳಿದ್ದಾಗಿಂದ ಕೇಳಿದ ಕತೆಯೆಲ್ಲ ರಾಜಕುಮಾರಂದೇ. ಅವನ ಜೊತೆ ನಾನೂ ಕುದುರೆ ಹತ್ತಿದ್ದೀನಿ, ಏಳು ಸಮುದ್ರ ದಾಟಿದ್ದೀನಿ, ರಾಕ್ಷಸನ್ನ ಕೊಂದಿದ್ದೀನಿ. ಕೊನೇಲಿ ರಾಜಕುಮಾರೀನ ಮದುವೇನೂ ಆಗಿದ್ದೀನಿ. ಒಂಥರಾ ಆಗುತ್ತಾ ಅಂತ ಆಗ ಯಾರೂ ನನ್ನ ಕೇಳಲಿಲ್ಲ. ನನಗೆ ಐವತ್ತು ವರ್ಷದ ಅಭ್ಯಾಸ ಕಣ್ರೀ. ನಿಮಗೆ ಇನ್ನೂ ಐವತ್ತು ದಿನ ಆಗಿಲ್ಲ."

ಗಣಿತದವಳ ಲೆಕ್ಕದಲ್ಲಿ ತಪ್ಪು ಹುಡುಕುವುದು ಅವನಿಗೆ ಯಾವತ್ತೂ ಸಾಧ್ಯವಾಗಿರಲಿಲ್ಲ. ಇದರಲ್ಲೂ ಸಿಗಲಿಲ್ಲ. ಮತ್ತೆ, ಗಡ್ಡ ಯಾಕೆ ಅಷ್ಟುದ್ದ ಎಂದು ಕೇಳಿದ. ಬಿಟ್ಟಿ ಸಿಗುತ್ತಲ್ಲ, ಯಾಕೆ ಕಡಿಮೆ ಮಾಡ್ಬೇಕು ಎಂದಳು.

ಅವತ್ತು ಸಂಜೆ ಟೈಲರ್ ಹುರಿಮೀಸೆಯವನನ್ನು ಬಿಟ್ಟು ಈಟಿಯವಳ ಹತ್ತಿರ ವಾಪಸು ಹೋದ. ಅವಳು ಬಿಟ್ಟಲ್ಲೇ ನಿಂತಿದ್ದಳು. ಅವಳ ಅಂಗಿ ಈಗಲೂ ಗಿಡ್ಡವೇ. ಅವನು ಮುದುಕನ ಎದುರು ಹೋಗಿ ಸುಮ್ಮನೆ ಎರಡು ನಿಮಿಷ ಬೆಂಕಿ ಕಾಯಿಸಿಕೊಂಡ. ಆಮೇಲೆ ಸೇತುವೆಗೆ ಹೋಗಿ ಬಿದ್ದ.

ಇತ್ತ ಕ್ಷೌರದಂಗಡಿಯಲ್ಲಿ ನಗು ಒಂದು ವಾರಕ್ಕಿಂತ ಹೆಚ್ಚು ಬಾಳಲಿಲ್ಲ. ನಗು ತೀರಿದ ಮೇಲೆ ಬೆಂಚಿನ ಮೇಲೆ ಕೂತವರಿಗೆ ಕೈ ಖಾಲಿ ಅನ್ನಿಸಿತು. ಆ ಗೂಳಿ ಏನಾಯಿತು ಎಂದು ಅಂಚೆಯಣ್ಣ ಕೇಳಿದ. ಕ್ಷೌರಿಕನಿಗೆ ಗೊತ್ತಿರಲಿಲ್ಲ. ಗಡಿಯಾರದವನೂ ಕೇಳಿದ. ಕ್ಷೌರಿಕ ತಾನೇ ಒಂದು ಕತೆ ಕಟ್ಟಲು ಹೋದ. ಗೂಳಿಗೆ ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಬಂತು ಎಂದ. ಅಂಚೆಯಣ್ಣ ಎದ್ದು ಚೀಲ ತೆಗೆದುಕೊಂಡ.

ಹೀಗಾಗಿ ಒಂದು ದಿನ ಮಧ್ಯಾಹ್ನ, ಊಟದ ಹೊತ್ತಿಗೆ ಮನೆಗೆ ಬಂದಿದ್ದ ಟೈಲರನ ಬಾಗಿಲು ಬಡಿದ ಸದ್ದಾಯಿತು. ಕ್ಷೌರಿಕ ನಿಂತಿದ್ದ, ಹೆಗಲ ಮೇಲೆ ಟವೆಲ್ಲು, ಜೇಬಿನಲ್ಲಿ ಬಾಚಣಿಗೆ. ಮೀಸೆ ಹೇಗಾಗಿದೆ ನೋಡಿಕೊಂಡು ಹೋಗೋಣ ಅಂತ ಬಂದೆ ಎಂದ. ನೋಡಿ ನೊಂದುಕೊಂಡ. ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ, ಆ ಗೂಳಿಯನ್ನ ದಾಟಿದೆಯಾ ಎಂದು ಕೇಳಿದ. ಇಲ್ಲ ಎಂದ ಟೈಲರ್. ಅವನ ಕೈಗೆ ರಿಮೋಟು ಕೊಟ್ಟ.

ಕ್ಷೌರಿಕ ಬೆರಳಿನ ಕಸುಬಿನವನು. ಐದು ನಿಮಿಷದಲ್ಲಿ ಈಟಿಯವಳನ್ನು ನಡೆಸುವುದು ಕಲಿತ. ಮುದುಕ ತಲೆಯ ಮೇಲೆ ಕೈಯಿಟ್ಟಾಗ ಒಂದು ಸಲ ಟೈಲರನ ಕಡೆ ಕದ್ದು ನೋಡಿದ, ನಗಲಿಲ್ಲ. ಸೇತುವೆಗೆ ಕಾಲಿಟ್ಟ. ಗೂಳಿ ನುಗ್ಗಿತು.

"ಬಿದ್ಲು," ಎಂದ ಕ್ಷೌರಿಕ.

"ಈ ಮನೇಲಿ ಹಾಗೆ ಹೇಳೋ ಹಾಗಿಲ್ಲ," ಎಂದ ಟೈಲರ್. "ಬಿದ್ದದ್ದು ನೀನು."

ಎಂಟು ಸಲ ಬಿದ್ದ. ಒಂಬತ್ತನೆಯ ಸಲ, ಹಗ್ಗ ಹಿಡಿದು ನೇತಾಡುತ್ತಾ, ನನ್ನ ಅಂಗಿ ಎಳೀತಿದೆ ಕಣಯ್ಯ, ಕೈಯೇ ಮೇಲೆ ಹೋಗ್ತಿಲ್ಲ ಎಂದು ಕ್ಷೌರಿಕ ಒದ್ದಾಡಿದ. ಟೈಲರ್ ತೃಪ್ತಿಯಿಂದ ತಲೆಯಾಡಿಸಿದ. ಇಬ್ಬರೂ ಪರದೆಯಲ್ಲೇ ಮುಳುಗಿದ್ದಾಗ ಬಾಗಿಲಿನಿಂದ, "ಎಡಗಡೆ, ಎಡಗಡೆ ಸರೀರಿ" ಎಂದು ಯಾರೋ ಅಂದರು.

ಅಂಚೆಯಣ್ಣ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿತ್ತು, ಮುಖದ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಒಣಗಿದ ನೊರೆ ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಈಗ ಬಂದೆ, ಒಂದು ನಿಮಿಷ ಎಂದು ಹೇಳಿ ಹೋದ ಕ್ಷೌರಿಕನನ್ನು ಮುಕ್ಕಾಲು ಗಂಟೆ ಕಾದು, ಹುಡುಕಿಕೊಂಡು ಬಂದಿದ್ದ. ಬಂದು ಬಹಳ ಹೊತ್ತಾಗಿತ್ತು, ಬೈಯುವುದು ಮರೆತುಹೋಗಿತ್ತು. ಆ ಪ್ರಾಣಿಗೆ ಬಲಗಣ್ಣಿಲ್ಲ, ತನ್ನ ಬಲಗಡೆ ಬಂದವರು ಅದಕ್ಕೆ ಕಾಣುವುದಿಲ್ಲ, ಎದುರಿಂದ ಹೋಗುವವರಿಗೆ ಅದು ಎಡಗಡೆ ಎಂದು ವಿವರಿಸಿದ. ಬೀದಿನಾಯಿಗಳ ನಡುವೆ ಇಪ್ಪತ್ತು ವರ್ಷ ಕಾಗದ ಹಂಚಿದ ಅನುಭವ. ಇಷ್ಟು ದಿನ ಬೆರಳಿನ ಮೇಲೇ ಗಮನ ಇಟ್ಟಿದ್ದ ಟೈಲರ್‌ಗೆ ಗೂಳಿಯ ಕಣ್ಣನ್ನು ನೋಡಬೇಕೆಂದು ಹೊಳೆದಿರಲಿಲ್ಲ.

ಕ್ಷೌರಿಕ ರಿಮೋಟನ್ನು ಟೈಲರ್‌ಗೆ ಹಿಂದಿರುಗಿಸಿದ. ಟೈಲರ್ ಅಂಗೈ ಒರೆಸಿಕೊಂಡ. ಬೆಂಕಿ ದಾಟಿ, ಮುದುಕನ ಮಾತು ಕೇಳಿಸಿಕೊಂಡು, ಎಡಗಡೆಯ ಹಗ್ಗಕ್ಕೆ ಮೈ ಒತ್ತಿಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋದ. ಗೂಳಿ ಮೂಸಿತು. ಕೊರಳು ತಿರುಗಿಸಿತು. ಅದರ ಮುಚ್ಚಿದ ಕಣ್ಣಿನ ಪಕ್ಕದಲ್ಲೇ, ಉಸಿರು ತಾಗುವಷ್ಟು ಹತ್ತಿರದಲ್ಲಿ, ಈಟಿ ಎತ್ತದೆ, ಏನೂ ಮಾಡದೆ, ಟೈಲರ್ ದಾಟಿಕೊಂಡು ಹೋದ. ಆಚೆ ದಡದಲ್ಲಿ ಹುಲ್ಲಿತ್ತು, ಬಿಸಿಲಿತ್ತು. ಮೂವರೂ ಒಟ್ಟಿಗೆ ಉಸಿರು ಬಿಟ್ಟರು. ಕ್ಷೌರಿಕ ಗೆಳೆಯನ ಬೆನ್ನು ತಟ್ಟಿದ. ಜೇಬಿನ ಬಾಚಣಿಗೆ ತೆಗೆದು ಅವನ ಮೀಸೆಯ ನಾಲ್ಕು ಗಂಟೆಯನ್ನು ಮೇಲಕ್ಕೆ ಬಾಚತೊಡಗಿದ.

ಅಷ್ಟರಲ್ಲಿ ಶಾಲೆ ಮುಗಿಸಿ ಹೆಂಡತಿ ಬಂದಳು. ಸೋಫಾದ ತುಂಬ ಜನ, ನೆಲದ ಮೇಲೆ ನೊರೆಯ ಚಕ್ಕೆ. ಅವಳು ಚೀಲ ಮೇಜಿನ ಮೇಲಿಟ್ಟು, ಮುಖ ತೊಳೆದುಕೊಂಡು ಬಂದು, ಎಡಗಡೆಯಿಂದ ಗೂಳಿ ದಾಟಿದ್ದನ್ನು ಬಣ್ಣಿಸುತ್ತಿದ್ದ ಅಂಚೆಯಣ್ಣನಿಗೆ ಒಂದು ಬಟ್ಟಲಲ್ಲಿ ಬಿಸಿನೀರು ತಂದುಕೊಟ್ಟಳು. ಉಳಿದ ಅರ್ಧ ಮುಖವನ್ನು ಬಾಲ್ಕನಿಯಲ್ಲಿ ಮುಗಿಸಿಕೊಳ್ಳಿ ಎಂದಳು. ಬಾಲ್ಕನಿಗೆ ಹೋದವರು ಕತ್ತಿ ಅಂಗಡಿಯಲ್ಲೇ ಇದೆ ಎಂದು ನೆನಪಾಗಿ ಮೆಟ್ಟಿಲಿಳಿದರು.

ಟೈಲರ್ ಇನ್ನೂ ಆಚೆ ದಡದ ಬಿಸಿಲು ನೋಡುತ್ತಾ ಕೂತಿದ್ದ. ಹೆಂಡತಿ ಅವನ ಪಕ್ಕದಲ್ಲಿ ಕಾಲು ಮಡಚಿ ಕೂತು, ಕೈ ಚಾಚಿದಳು.

"ಮುಗೀತಲ್ಲ ನಿಮ್ದು? ಕೊಡಿ ಇಲ್ಲಿ. ಎಡಗಡೆ ಅಂತ ನನಗೆ ಹೇಳ್ಬೇಡಿ, ನಾನು ಸುತ್ತಿಗೆ ತಗೊಂಡು ಎದುರಿಂದಾನೇ ಹೋಗೋಳು."